ವಿಜಯಕುಮಾರಿ ಬ್ರೇಕಿನಿಂದ ಕಾಲು ತೆಗೆಯಲಿಲ್ಲ

ತಮಿಳುನಾಡಿನ ತಿರುಪ್ಪೂರಿಗೆ ಹತ್ತಿರದ ಅವಿನಾಶಿ ಊರಿನ ನೇಯ್ಗೆಯವರ ಬೀದಿಗೆ ಹೋಗಿ ವಿಜಯಕುಮಾರಿಯ ಮನೆ ಯಾವುದು ಎಂದರೆ, ಯಾವ ವಿಜಯಕುಮಾರಿ ಎಂದು ಕೇಳುತ್ತಾರೆ. ಆ ಹೆಸರಿನವರು ಅಲ್ಲಿ ಮೂವರಿದ್ದಾರೆ. ವಂಡಿ, ಅಂದರೆ ಗಾಡಿ, ಓಡಿಸುವ ವಿಜಯಕುಮಾರಿ ಎಂದರೆ ಸಾಕು, ಕೇಳಿಸಿಕೊಂಡವರ ಮುಖದಲ್ಲಿ ಸಣ್ಣ ನಗೆ ಮೂಡುತ್ತದೆ. ಹಿಂದೆಯೇ ಯಾವುದಾದರೂ ಜಗಳದ ಕತೆ ಬರುತ್ತದೆ.

ಅವಳು ಹುಟ್ಟಿದ್ದು ಆ ಬೀದಿಯಲ್ಲೇ, ಕೈಮಗ್ಗವಿದ್ದ ಮನೆಯಲ್ಲಿ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಅವಳ ತಾತನ ತಾತನ ಕಾಲದಿಂದಲೂ ಹಾಗೆಯೇ. ಕನ್ನಡದ ಅಕ್ಷರ ಆ ಮನೆಯಲ್ಲಿ ಯಾರಿಗೂ ಬಾರದು. ಬೈಯಲು, ಮುದ್ದಿಸಲು, ದೇವರ ಮುಂದೆ ಕಷ್ಟ ಹೇಳಿಕೊಳ್ಳಲು ಮಾತ್ರ ಆ ಭಾಷೆ. ದೀನದಯಾಳನ್ ಎಂಬ ಪವರ್‌ಲೂಮಿನ ಕೆಲಸಗಾರನನ್ನು ಮದುವೆಯಾಗಿ ಅವಳು ಅದೇ ಬೀದಿಯಲ್ಲಿ ನಾಲ್ಕು ಮನೆ ಆಚೆಗೆ ಹೋದಳು. ನೇಯ್ದ ಬಟ್ಟೆಯನ್ನು ತಿರುಪ್ಪೂರಿಗೆ ಸಾಗಿಸುವ ಟೆಂಪೋದವನು ವಾರಕ್ಕೆರಡು ದಿನ ಕೈಕೊಡುತ್ತಿದ್ದ. ಹೀಗೇ ಒಂದು ಬೆಳಗ್ಗೆ ಬಟ್ಟೆಯ ಗಂಟುಗಳ ಮೇಲೆ ಕೂತು ಕಾದು ಕಾದು ಸಾಕಾಗಿ, ತಾನೇ ಓಡಿಸುವುದೆಂದು ಅವಳು ತೀರ್ಮಾನಿಸಿದಳು. ಆಗ ಅವಳಿಗೆ ಇಪ್ಪತ್ತಾರು ವರ್ಷ. ಲೈಸೆನ್ಸ್ ಪರೀಕ್ಷೆಗೆ ಹೋದಾಗ ಅಲ್ಲಿ ಸಾಲಿನಲ್ಲಿ ನಿಂತಿದ್ದವನೊಬ್ಬ, ಹೆಂಗಸರಿಗೆ ಸ್ಕೂಟರ್ ಸಾಲದೇ ಎಂದಿದ್ದ. ಅವಳು ಅವನ ಕಡೆ ನೋಡಲೂ ಇಲ್ಲ. ಟೆಂಪೋವನ್ನು ಹಿಂದಕ್ಕೆ ಓಡಿಸಿ ಎಂಟರ ಆಕಾರ ಬರೆದು, ಇಳಿದು ಬಂದಳು. ಅವನು ಮುಂದೆ ಓಡಿಸಿದಾಗಲೇ ಕಂಬ ಬೀಳಿಸಿದ.

ಟೆಂಪೋದಿಂದ ಅವಳು ಹೋದದ್ದು ದೇವರಾಜನ್ ಎಂಬುವವರ ಬನಿಯನ್ ಕಂಪನಿಗೆ. ಪಲ್ಲಡಂ ಕಡೆಯ ಹಳ್ಳಿಗಳಿಂದ ಹೊಲಿಗೆಯ ಹುಡುಗಿಯರನ್ನು ತಿರುಪ್ಪೂರಿಗೆ ಕರೆತರುವ ವ್ಯಾನು ಅವಳದಾಯಿತು. ಹದಿನಾಲ್ಕು ಜನರ ವ್ಯಾನಿಗೆ ಇಪ್ಪತ್ತೆರಡು ಜನರನ್ನು ತುಂಬಿಸು ಎಂದು ಮೇಲ್ವಿಚಾರಕ ಹೇಳಿದ ದಿನ ಅವಳು ಎಂಜಿನ್ ಆರಿಸಿ, ಕೀಲಿ ಕೈಯಲ್ಲಿ ಹಿಡಿದು ವ್ಯಾನಿನ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಆ ದಿನ ಒಂದು ಸಾಲು ಮಿಷಿನುಗಳು ನಲವತ್ತು ನಿಮಿಷ ತಡವಾಗಿ ಶುರುವಾದವು. ಮರುದಿನದಿಂದ ವ್ಯಾನು ಎರಡು ಸಲ ಹೋಗಿಬರತೊಡಗಿತು. ದೇವರಾಜನ್ ಕೆಂಡವಾದರು. ಅವರ ಹೆಂಡತಿ ಕಣ್ಣಮ್ಮ ಮಾತ್ರ ಈ ಕತೆ ಕೇಳಿ, ನಮ್ಮ ಮನೆಯ ಕಾರಿಗೆ ಇವಳೇ ಬೇಕು ಎಂದರು. ಹಾಗೆ ವಿಜಯಕುಮಾರಿ ಮೊದಲಾಳಿಯ ಮನೆಯ ಡ್ರೈವರ್ ಆದಳು. ತಿರುಪ್ಪೂರಿನಲ್ಲಿ ಎಲ್ಲರೂ ಮಾಲೀಕರನ್ನು ಕರೆಯುವಂತೆ ಅವಳೂ ದೇವರಾಜನ್‌ರನ್ನು ಮೊದಲಾಳಿ ಎಂದೇ ಕರೆಯುತ್ತಿದ್ದಳು. ಮಾತಿನ ಕೊನೆಗೆ ಆ ಸೀಮೆಯವರು ಮರ್ಯಾದೆಗೆಂದು ಹಚ್ಚುವ ‘ಂಗ’ವನ್ನು ಜಗಳದಲ್ಲೂ ಬಿಟ್ಟವಳಲ್ಲ.

2009ರಲ್ಲಿ, ಹೊಸದೇನನ್ನೂ ಕೊಳ್ಳದ ಆಡಿ ತಿಂಗಳು ಕಳೆದ ಮೇಲೆ ದೇವರಾಜನ್ ಹೊಸದೊಂದು ಕಾರು ತಂದರು. ಹೊಸದೆಂದರೆ ಅವರಿಗೆ ಹೊಸದು. ಚೆನ್ನೈನ ಯಾರೋ ಜರ್ಮನಿಯಿಂದ ತರಿಸಿ, ನಾಲ್ಕೈದು ವರ್ಷ ಓಡಿಸಿ ಮಾರಿದ್ದು. ಬೆಳ್ಳಿ ಬಣ್ಣ, ಮಗುವನ್ನು ಮಲಗಿಸುವಂಥ ಸೀಟು. ಆದರೆ ದೇವರಾಜನ್ ಮನಸ್ಸು ಕದ್ದದ್ದು ಅದಲ್ಲ. ಮಾರಾಟ ಮಾಡಿಸಿದ ದಲ್ಲಾಳಿ ಸ್ಟೀರಿಂಗಿನ ಹಿಂದಿದ್ದ ಪುಟ್ಟ ಹಿಡಿಯೊಂದನ್ನು ಮೇಲಕ್ಕೆತ್ತಿ ತೋರಿಸಿದ್ದ. ವೇಗ ಎಷ್ಟು ಬೇಕೋ ಅಷ್ಟಕ್ಕೆ ಇಟ್ಟರೆ ಕಾರು ಅದೇ ವೇಗದಲ್ಲಿ ಹೋಗುತ್ತಿರುತ್ತದೆ. ಮುಂದೆ ಬೇರೆ ಗಾಡಿ ನಿಧಾನವಾದರೆ ಇದೂ ತಾನಾಗಿ ನಿಧಾನವಾಗುತ್ತದೆ, ಅದು ವೇಗ ಹೆಚ್ಚಿಸಿದರೆ ಇದೂ ಹೆಚ್ಚಿಸುತ್ತದೆ. ಮುಂಭಾಗದ ಜಾಲರಿಯ ಹಿಂದೆ ಒಂದು ರೇಡಾರ್ ಇದೆ, ಅದೇ ಇದರ ಕಣ್ಣು ಎಂದು ದಲ್ಲಾಳಿ ಹೇಳಿದ್ದ. ಎರಡೂ ಕಾಲನ್ನು ಮಡಚಿ ಕೂತು ಅರ್ಧ ಮೈಲಿ ಓಡಿಸಿಯೂ ತೋರಿಸಿದ್ದ.

ದೇವರಾಜನ್ ಇದನ್ನು ಕಂಡವರಿಗೆಲ್ಲ ಹೇಳಿದರು. ವಿಜಯಕುಮಾರಿಗೂ ಹೇಳಿದರು, ಇನ್ನು ನೀನು ಸುಮ್ಮನೆ ಕೂತಿದ್ದರೆ ಸಾಕು ಎಂದು. ಅವಳು ಕಾರಿನ ಪುಸ್ತಕ ಎಲ್ಲಿ ಎಂದು ಕೇಳಿದಳು. ಪುಸ್ತಕವೇಕೆ, ತೋರಿಸಿಕೊಟ್ಟೆನಲ್ಲ ಎಂದರು. ಅವಳು ಮರುದಿನವೂ ಕೇಳಿದಳು. ಮೂರನೆಯ ದಿನ ಕಾರಿನ ಡಿಕ್ಕಿಯಲ್ಲಿ, ಸ್ಟೆಪ್ನಿಯ ಕೆಳಗೆ ಅವಳಿಗೇ ಅದು ಸಿಕ್ಕಿತು. ಇಟ್ಟಿಗೆಯಷ್ಟು ದಪ್ಪ, ಎಲ್ಲ ಇಂಗ್ಲಿಷು.

ಕಂಪನಿಯಲ್ಲಿ ಹೆಣಿಗೆಯ ಮಿಷಿನುಗಳನ್ನು ನೋಡಿಕೊಳ್ಳಲು ಹಾವೇರಿ ಕಡೆಯಿಂದ ಬಂದ ಇಸ್ಮಾಯಿಲ್ ಎಂಬ ಎಂಜಿನಿಯರ್ ಇದ್ದ. ತಮಿಳು ಇನ್ನೂ ಸರಿಯಾಗಿ ಬಾರದ ಅವನು ಒಮ್ಮೆ ಕ್ಯಾಂಟೀನಿನಲ್ಲಿ ತನ್ನಷ್ಟಕ್ಕೇ ಕನ್ನಡದಲ್ಲಿ ಗೊಣಗಿಕೊಂಡದ್ದನ್ನು ಕೇಳಿ ವಿಜಯಕುಮಾರಿ ಮಾತಾಡಿಸಿದ್ದಳು. ಅಂದಿನಿಂದ ಅವಳು ಅವನಿಗೆ ವಿಜಿಯಕ್ಕ, ಅವನು ಅವಳಿಗೆ ತಮ್ಮ. ಅವಳು ಪುಸ್ತಕವನ್ನು ಅವನ ಊಟದ ಡಬ್ಬಿಯ ಪಕ್ಕ ಇಟ್ಟು, ಓದಿ ಹೇಳು ಎಂದಳು.

ನಾಲ್ಕು ಮಧ್ಯಾಹ್ನ ಅವನು ಓದಿದ. ಅವನ ಪುಸ್ತಕದ ಕನ್ನಡಕ್ಕೂ ಅವಳ ಮನೆಯ ಕನ್ನಡಕ್ಕೂ ನಡುವೆ ಆಗಾಗ ಸೇತುವೆ ಕಟ್ಟಬೇಕಾಗುತ್ತಿತ್ತು.

“ಸ್ಥಿರವಾಗಿರುವ ವಾಹನಗಳಿಗೆ ಇದು ಸ್ಪಂದಿಸೋದಿಲ್ಲ ಅಂತ ಬರೆದಿದ್ದಾರೆ, ವಿಜಿಯಕ್ಕ.”

“ಅಂದ್ರೆ?”

“ಅಂದ್ರೆ ರಸ್ತೆ ಮೇಲೆ ಸುಮ್ಮನೆ ನಿಂತಿರೋ ಗಾಡಿ ಇದರ ಲೆಕ್ಕಕ್ಕೇ ಬರಲ್ಲ.”

“ನಿಂತಿರೊ ಲಾರಿ ಕಾಣಿಸಲ್ವಾ ಇದಕ್ಕೆ? ಅಷ್ಟು ದೊಡ್ಡ ಲಾರಿ?”

ಕಾಣಿಸುತ್ತದೆ, ಆದರೆ ಬೇಕೆಂದೇ ಬಿಟ್ಟುಬಿಡುತ್ತದೆ ಎಂದು ಇಸ್ಮಾಯಿಲ್ ವಿವರಿಸಿದ. ರಸ್ತೆ ಬದಿಯ ಫಲಕ, ಸೇತುವೆಯ ಕಂಬಿ, ಎಲ್ಲವೂ ನಿಂತೇ ಇರುವಂಥವು. ಅವಕ್ಕೆಲ್ಲ ಬ್ರೇಕ್ ಹಾಕುತ್ತ ಹೋದರೆ ಕಾರು ಮುಂದೆ ಹೋದಂತೆಯೇ. ಅದಕ್ಕೇ ಓಡುತ್ತಿರುವುದನ್ನು ಮಾತ್ರ ಇದು ಗಮನಿಸುತ್ತದೆ. ಇನ್ನೂ ಇತ್ತು. ತಿರುವಿನಲ್ಲಿ ಮುಂದಿನ ಗಾಡಿ ಇದರ ನೋಟದಿಂದ ತಪ್ಪಿಹೋಗುತ್ತದೆ. ರಸ್ತೆಯ ಅಂಚು ಹಿಡಿದು ಹೋಗುವ ಬೈಕು, ಸೈಕಲ್ಲು ಸಿಕ್ಕರೆ ಸಿಕ್ಕಿತು. ಜೋರು ಮಳೆಯಲ್ಲಿ ನಂಬುವಂತಿಲ್ಲ. ವೇಗ ಮೂವತ್ತಕ್ಕಿಂತ ಇಳಿದರೆ ಒಂದು ಸಲ ಪೀಂ ಎಂದು ಕೈಬಿಡುತ್ತದೆ. ಇದು ಹಾಕುವ ಬ್ರೇಕೂ ಮೆತ್ತನೆಯದು, ಗಟ್ಟಿಯಾಗಿ ಹಾಕಬೇಕಾದಾಗ ಚಾಲಕನೇ ಹಾಕಬೇಕು. ಪೇಟೆಯೊಳಗೆ ಬಳಸಲೇಬಾರದು.

ಅವಳು ಕೊನೆಗೆ ಒಂದೇ ಪ್ರಶ್ನೆ ಕೇಳಿದಳು. ಹಾಗಾದರೆ ಕಾಲು ಎಲ್ಲಿರಬೇಕೆಂದು ಪುಸ್ತಕ ಹೇಳುತ್ತದೆ?

ಬ್ರೇಕಿಗೆ ತಕ್ಷಣ ಹೋಗುವಂತಿರಬೇಕು ಎಂದ ಇಸ್ಮಾಯಿಲ್.

ಅಷ್ಟು ಕೇಳಿಯೂ ಅವಳಿಗೆ ಆ ಯಂತ್ರದ ಮೇಲೆ ಬೇಸರ ಬರಲಿಲ್ಲ. ಓಡಿಸಿ ನೋಡದೆ ಯಾವುದನ್ನೂ ಬೈಯುವುದು ಅವಳ ಜಾಯಮಾನವಲ್ಲ. ಸೇಲಂ ಕಡೆಯ ನಾಲ್ಕು ಸಾಲಿನ ಹೊಸ ರಸ್ತೆ ಆಗ ತುಂಡು ತುಂಡಾಗಿ ತೆರೆದಿತ್ತು. ಒಂದು ಭಾನುವಾರ ಬೆಳಗ್ಗೆ, ಕಾರಿನ ಗಾಳಿ ಪೆಟ್ರೋಲು ನೋಡಿಸಿಕೊಂಡು ಬರುತ್ತೇನೆಂದು ಹೇಳಿ, ಇಸ್ಮಾಯಿಲ್‌ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟಳು. ಈಗ ಕಂಪನಿಯ ವ್ಯಾನು ಓಡಿಸುತ್ತಿದ್ದ ಅಯ್ಯಾಸಾಮಿಗೆ ಮುಂದೆ ಹೋಗಲು ಹೇಳಿದ್ದಳು. ಅವನು ಎಪ್ಪತ್ತರಲ್ಲಿ ಹೋದ. ಕಾರು ಹಿಂದೆ ಎಪ್ಪತ್ತರಲ್ಲಿ ಹೋಯಿತು. ಅವನು ಐವತ್ತಕ್ಕೆ ಇಳಿದ. ಕಾರು ಅವಳ ಕಾಲಿನ ಅಪ್ಪಣೆಗೆ ಕಾಯದೆ ಐವತ್ತಕ್ಕೆ ಇಳಿಯಿತು. ಒಳ್ಳೆ ತರಬೇತಾದ ಎತ್ತಿನಂತೆ ಅದು ಅಂತರ ಕಾಯ್ದುಕೊಂಡು ಹೋಗುವುದನ್ನು ನೋಡಿ ಅವಳಿಗೆ ನಿಜವಾಗಿ ಸಂತೋಷವಾಯಿತು. ಅಂತರವನ್ನು ಹೆಚ್ಚು ಕಮ್ಮಿ ಮಾಡುವ ತಿರುಗುಣಿಯೊಂದಿತ್ತು. ಅದನ್ನು ಎಲ್ಲಕ್ಕಿಂತ ದೂರಕ್ಕೆ ಇಟ್ಟಳು.

ಆಮೇಲೆ ಅಯ್ಯಾಸಾಮಿ ಡೀಸೆಲ್ ಹಾಕಿಸಲು ಎಡಕ್ಕೆ ಬಂಕಿನ ಕಡೆ ತಿರುಗಿದ. ಮುಂದಿನ ವ್ಯಾನು ನೋಟದಿಂದ ಹೋದದ್ದೇ ತಡ, ದಾರಿ ಖಾಲಿಯಾಯಿತೆಂದುಕೊಂಡು ಕಾರು ತಾನಾಗಿ ವೇಗ ಹೆಚ್ಚಿಸತೊಡಗಿತು. ದಾರಿ ಖಾಲಿ ಇರಲಿಲ್ಲ. ಇನ್ನೂರು ಗಜ ಮುಂದೆ ಆಕ್ಸಲ್ ಮುರಿದ ಲಾರಿಯೊಂದು ಅದೇ ಸಾಲಿನಲ್ಲಿ ನಿಂತಿತ್ತು, ಹಿಂದೆ ನಾಲ್ಕು ಕಲ್ಲು, ಒಂದು ಬೇವಿನ ಕೊಂಬೆ. ಕಾರು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಎಪ್ಪತ್ತು, ಎಪ್ಪತ್ತೈದು, ಎಂಬತ್ತು ಎಂದು ಏರುತ್ತ ಹೋಯಿತು. ಪೀಂ ಎನ್ನಲಿಲ್ಲ, ಕೆಂಪು ದೀಪ ಹೊತ್ತಲಿಲ್ಲ. ಬ್ರೇಕಿನ ಮೇಲೆ ಮಲಗಿದಂತಿದ್ದ ಅವಳ ಬಲಗಾಲು ಕೆಳಗಿಳಿಯಿತು. ಕಾರು ಕಲ್ಲುಗಳಿಂದ ಮಾರುದೂರದಲ್ಲಿ ನಿಂತಿತು.

ವಿಜಯಕುಮಾರಿ ಎಂಜಿನ್ ಆರಿಸಿ, ಇಳಿದು ಹೋಗಿ ಆ ಲಾರಿಯ ಡ್ರೈವರನಿಗೆ ಚೆನ್ನಾಗಿ ಬೈದು, ಇನ್ನೂ ನಾಲ್ಕು ಕೊಂಬೆ ಮುರಿದು ದೂರದವರೆಗೆ ಹಾಕಿಸಿ ಬಂದಳು.

ಅಂದಿನಿಂದ ಅವಳದೊಂದು ಕ್ರಮವಾಯಿತು. ನಡುವೆ ತಡೆಗೋಡೆ ಇರುವ ನೇರ ರಸ್ತೆ, ಒಣ ಹವೆ, ಹಗಲ ಬೆಳಕು, ಕಣ್ಣಿಗೆ ನಿದ್ದೆಯಿಲ್ಲ ಅಂದರೆ ಹಿಡಿ ಎತ್ತುವುದು. ಇವುಗಳಲ್ಲಿ ಒಂದು ತಪ್ಪಿದರೂ ಆರಿಸುವುದು. ಮುಂದಿನ ಗಾಡಿ ಪಕ್ಕಕ್ಕೆ ಸರಿದ ಕೂಡಲೇ ಅದು ಯಾಕೆ ಸರಿಯಿತೆಂದು ನೋಡುವುದು.

ದೇವರಾಜನ್‌ಗೆ ಈ ಕ್ರಮವೆಲ್ಲ ಗೊತ್ತಿರಲಿಲ್ಲ, ಗೊತ್ತುಮಾಡಿಕೊಳ್ಳುವ ಇಚ್ಛೆಯೂ ಇರಲಿಲ್ಲ. ಡೆನ್ಮಾರ್ಕಿನಿಂದ ಬಟ್ಟೆ ಕೊಳ್ಳುವವರೊಬ್ಬರು ಬಂದಿದ್ದಾಗ ಪೆರುಂದುರೈ ಬಳಿಯ ನೂಲಿನ ಗಿರಣಿ ತೋರಿಸಿಕೊಂಡು ವಾಪಸಾಗುತ್ತಿದ್ದರು. ಹಿಂದಿನ ಸೀಟಿನಲ್ಲಿ ಕೂತ ದೇವರಾಜನ್ ಅತಿಥಿಗೆ, ನೋಡಿ, ನಮ್ಮ ಡ್ರೈವರ್ ಈಗ ಏನೂ ಮಾಡುತ್ತಿಲ್ಲ, ಎಲ್ಲ ಕಾರೇ ಮಾಡುತ್ತಿದೆ ಎಂದು ಹೆಮ್ಮೆಯಿಂದ ಹೇಳುತ್ತಿದ್ದರು. ಅದೇ ಹೊತ್ತಿಗೆ, ಹೊಸ ರಸ್ತೆ ಮುಗಿದು ಡ್ರಮ್ಮುಗಳನ್ನಿಟ್ಟು ದಾರಿ ತಿರುಗಿಸಿದ್ದ ಜಾಗ ಇನ್ನೂ ಒಂದು ಕಿಲೋಮೀಟರ್ ಇರುವಾಗಲೇ, ವಿಜಯಕುಮಾರಿ ಹಿಡಿ ಒತ್ತಿ ಆರಿಸಿಬಿಟ್ಟಳು.

“ಯಾಕೆ ಆರಿಸಿದೆ? ಹಾಕು,” ಎಂದರು ದೇವರಾಜನ್ ತಮಿಳಿನಲ್ಲಿ, ಮುಖದ ನಗೆಯನ್ನು ಅತಿಥಿಗೆಂದು ಹಾಗೇ ಉಳಿಸಿಕೊಂಡು.

“ಇಲ್ಲಿ ಹಾಕಬಾರದುಂಗ.”

“ನಾನು ಹೇಳ್ತಿದ್ದೀನಿ.”

“ಕೇಳಿಸ್ತುಂಗ,” ಎಂದಳು ಅವಳು. ಹಾಕಲಿಲ್ಲ.

ಡೆನ್ಮಾರ್ಕಿನವರು ಇದನ್ನೆಲ್ಲ ಗಮನಿಸಿಯೂ ಇರಲಿಲ್ಲ, ಕಿಟಕಿಯಾಚೆ ಮೆಕ್ಕೆಜೋಳದ ಹೊಲ ನೋಡುತ್ತಿದ್ದರು. ಆದರೆ ದೇವರಾಜನ್‌ಗೆ ಮರ್ಯಾದೆ ಹೋದಂತಾಯಿತು. ಅತಿಥಿಯನ್ನು ಹೋಟೆಲಿನಲ್ಲಿ ಇಳಿಸಿದ ಮೇಲೆ ಅವರು ಮುಂದಿನ ಸೀಟಿಗೆ ಬಂದು ಕೂತರು. ಇನ್ನು ಮೇಲೆ ಬೆಂಗಳೂರಿಗೆ ಹೋದರೆ ಅಂದೇ ವಾಪಸ್ ಬರಬೇಕು ಎಂದರು. ಮೊದಲಾದರೆ ನಿನಗೆ ದಣಿವು ಎಂದು ಅಲ್ಲಿ ರೂಮು ಮಾಡಿಸುತ್ತಿದ್ದೆ, ಈಗ ಕಾರೇ ಓಡುವಾಗ ದಣಿವೆಲ್ಲಿಂದ ಬಂತು ಎಂದು ಕೇಳಿದರು.

“ಕಾಲಿಗೆ ಕೆಲಸ ಕಮ್ಮಿ ಆಗಿರಬಹುದುಂಗ,” ಎಂದಳು ವಿಜಯಕುಮಾರಿ. “ಕಣ್ಣಿಗೆ ಕೆಲಸ ಜಾಸ್ತಿ ಆಗಿದೆ. ಹೋಗಿ ಬರೋದು ಹನ್ನೆರಡು ಗಂಟೆ ದಾರಿ. ಅಂದೇ ಬರೋದಕ್ಕೆ ನನ್ನಿಂದ ಆಗಲ್ಲ.”

“ಆಗೋರು ಬೇರೆ ಇದ್ದಾರೆ. ಕೀಲಿ ಕೊಡು.”

“ಕೊಡ್ತೀನಿ. ಅದಕ್ಕೆ ಮುಂಚೆ ಒಂದು ಸಲ ನೀವು ಓಡಿಸಬೇಕು. ನನಗೆ ಏನು ಮಾಡು ಅಂತೀರೋ ಅದನ್ನ ನೀವು ಮಾಡಿ ತೋರಿಸಿ. ಆಮೇಲೆ ಕೀಲಿ ನಿಮ್ಮ ಹತ್ತಿರವೇ ಇರಲಿ.”

ಇಂಥ ಮಾತಿಗೆ ಹಿಂದೆ ಸರಿಯುವ ಮನುಷ್ಯ ದೇವರಾಜನ್ ಅಲ್ಲ. ಹದಿನಾರನೇ ವಯಸ್ಸಿನಲ್ಲಿ ಒಂದು ಹೆಣಿಗೆಯ ಮಿಷಿನ್ ಇಟ್ಟುಕೊಂಡು ಶುರುಮಾಡಿ ಈ ಮಟ್ಟಕ್ಕೆ ಬಂದವರು. ಎಲ್ಲಿ, ಯಾವಾಗ ಎಂದು ಕೇಳಿದರು.

ಪಲ್ಲಡಂ ಬಳಿ ಕಂಪನಿಯ ಹೊಸ ಘಟಕ ಏಳುತ್ತಿತ್ತು. ಗೇಟಿನೊಳಗೆ ನೆಟ್ಟಗೆ ಟಾರು ಹಾಕಿದ ಉದ್ದನೆಯ ರಸ್ತೆ, ಭಾನುವಾರ ಅಲ್ಲಿ ಒಂದು ನರಪಿಳ್ಳೆಯೂ ಇರುವುದಿಲ್ಲ. ವಿಜಯಕುಮಾರಿ ಕಾವಲುಗಾರನಿಗೆ ಹೇಳಿ ಗೇಟು ಮುಚ್ಚಿಸಿದಳು. ಬಟ್ಟೆ ತುಂಬುವ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ರಸ್ತೆಯ ನಡುವೆ ಲಾರಿಯ ಬೆನ್ನಿನಷ್ಟು ಅಗಲ, ಎದೆಯೆತ್ತರ ಪೇರಿಸಿದಳು. ಇಸ್ಮಾಯಿಲ್ ಬಂದು ನೋಡಿ, ಇದು ನ್ಯಾಯವಲ್ಲ ಎಂದ. ರಟ್ಟಿನ ಮೂಲಕ ರೇಡಾರ್ ಹಾದುಹೋಗುತ್ತದೆ, ಗೆದ್ದರೂ ಮೋಸದಿಂದ ಗೆದ್ದಂತಾಗುತ್ತದೆ. ಮೋಸದ ಮಾತು ಕೇಳಿ ಅವಳು ಅವನಿಗಿಂತ ಹೆಚ್ಚು ಗಾಬರಿಯಾದಳು. ಹಾಗಾಗಿ ಇಬ್ಬರೂ ಕ್ಯಾಂಟೀನಿನಲ್ಲಿ ಊಟ ಕಟ್ಟುವ ಬೆಳ್ಳಿ ಹಾಳೆಯ ಮೂರು ಸುರುಳಿಗಳನ್ನು ತಂದು ಪೆಟ್ಟಿಗೆಗಳಿಗೆಲ್ಲ ಅಂಟಿಸಿದರು. ಇದು ರೇಡಾರಿಗೆ ತಗಡಿನ ಗೋಡೆಯಂತೆಯೇ ಕಾಣುತ್ತದೆ ಎಂದು ಅವನು ಹೇಳಿದ ಮೇಲಷ್ಟೇ ಅವಳಿಗೆ ಸಮಾಧಾನವಾಯಿತು.

ಹತ್ತು ಗಂಟೆಗೆ ದೇವರಾಜನ್ ಬಂದರು. ಬಿಳಿ ಅಂಗಿ, ಬಿಳಿ ಪಂಚೆ. ಪಂಚೆಯನ್ನು ಎತ್ತಿ ಕಟ್ಟಿ ಸ್ಟೀರಿಂಗ್ ಹಿಂದೆ ಕೂತರು. ವಿಜಯಕುಮಾರಿ ಪಕ್ಕದಲ್ಲಿ ಕೂತು ಬೆಲ್ಟ್ ಹಾಕಿಕೊಂಡು, ಅವರಿಗೂ ಹಾಕಿಸಿದಳು. ವೇಗ ನಲವತ್ತೈದಕ್ಕೆ ಇಡಿ, ಅದು ಸಾಕು ಎಂದಳು. ಕಾಲು ಮಾತ್ರ ಯಾವುದನ್ನೂ ಮುಟ್ಟಬಾರದು.

ಕಾರು ಹೊರಟಿತು. ಹೊಳೆಯುವ ಪೆಟ್ಟಿಗೆಗಳ ಗೋಡೆ ಹತ್ತಿರ ಬಂತು. ಇನ್ನೂ ಐವತ್ತು ಹೆಜ್ಜೆ ಇರುವಾಗಲೇ ದೇವರಾಜನ್‌ರ ಕಾಲು ಬ್ರೇಕನ್ನು ಒದ್ದಿತು. ಇಬ್ಬರೂ ಮುಂದಕ್ಕೆ ಜಗ್ಗಿದರು, ಕಾರು ನಿಂತಿತು.

“ನನಗೇ ಗೊತ್ತಿಲ್ಲದೆ ಹೋಯ್ತು ಕಾಲು,” ಎಂದರು ದೇವರಾಜನ್.

“ಖಾಲಿ ರಟ್ಟಿನ ಪೆಟ್ಟಿಗೆಗೆ ನಿಮ್ಮ ಕಾಲು ಹೋಯ್ತುಂಗ. ಲಾರಿ ಎದುರಿಗಿದ್ದರೂ ನನ್ನ ಕಾಲು ಹೋಗಬಾರದು ಅಂತೀರಲ್ಲ.”

ಆ ಮಾತು ನಾಟಿತು, ಆದರೆ ಅವರಿಗೆ ಸೋಲು ಬೇಡವಾಗಿತ್ತು. ಹಿಂದಕ್ಕೆ ತೆಗೆದುಕೊಂಡು ಹೋಗಿ ಇನ್ನೊಮ್ಮೆ ಎಂದರು. ಈ ಸಲ ಎರಡೂ ಪಾದಗಳನ್ನು ಸೀಟಿನ ಕೆಳಕ್ಕೆ ಎಳೆದುಕೊಂಡು, ಹಲ್ಲು ಕಚ್ಚಿ ಕೂತರು. ಕಾರು ಒಂದೇ ಸಮ ನಲವತ್ತೈದರಲ್ಲಿ ಹೋಗಿ, ಒಂದಿಷ್ಟೂ ತಡವರಿಸದೆ, ಪೆಟ್ಟಿಗೆಗಳ ಗೋಡೆಯನ್ನು ಸೀಳಿತು. ಒಂದು ಪೆಟ್ಟಿಗೆ ಗಾಜಿಗೆ ಬಡಿದು ಮೇಲೆ ಹಾರಿತು, ಇನ್ನೊಂದು ಚಕ್ರದ ಕೆಳಗೆ ಚಪ್ಪಟೆಯಾಯಿತು. ಬೆಳ್ಳಿ ಹಾಳೆಯ ಚೂರೊಂದು ವೈಪರಿಗೆ ಸಿಕ್ಕಿಕೊಂಡು ಪಟಪಟ ಬಡಿದುಕೊಳ್ಳುತ್ತಿತ್ತು. ದೇವರಾಜನ್ ಕಾರು ನಿಲ್ಲಿಸಿ ಎರಡೂ ಕೈಗಳನ್ನು ಸ್ಟೀರಿಂಗಿನ ಮೇಲೆ ಇಟ್ಟು ಕೂತರು.

ಆಮೇಲೆ, ಪೆಟ್ಟಿಗೆ ಬೇರೆ, ಲಾರಿ ಬೇರೆ ಎಂದರು. ಇಸ್ಮಾಯಿಲ್ ಕಿಟಕಿಯ ಬಳಿ ಬಂದು ಪುಸ್ತಕದ ಆ ಪುಟವನ್ನು ಹಿಡಿದ. ನೀನೂ ಇವಳ ಜೊತೆ ಸೇರಿಕೊಂಡೆಯಾ ಎಂದು ಅವನನ್ನೂ ಗದರಿದರು.

“ಲಾರಿಯೇ ಬೇಕು ಅಂದ್ರೆ ಲಾರಿ ತರಿಸಿ ನಿಲ್ಲಿಸ್ತೀನಿ,” ಎಂದಳು ವಿಜಯಕುಮಾರಿ. “ಆದರೆ ಆಗ ಪಕ್ಕದಲ್ಲಿ ನಾನು ಕೂರಲ್ಲಂಗ. ಕಣ್ಣಮ್ಮಕ್ಕನಿಗೂ ಫೋನ್ ಮಾಡಿ ಹೇಳಿಬಿಟ್ಟು ಹತ್ತಿ.”

ಅವಳು ಇಳಿದ ಮೇಲೆ ದೇವರಾಜನ್ ಕಾರನ್ನು ತಿರುಗಿಸಿಕೊಂಡು ತಾವೇ ಓಡಿಸುತ್ತ, ಗೀರು ಬಿದ್ದ ಜಾಲರಿಯೊಂದಿಗೆ, ಗೇಟು ದಾಟಿ ಹೋದರು. ಇಪ್ಪತ್ತಕ್ಕಿಂತ ಹೆಚ್ಚು ವೇಗದಲ್ಲಿ ಹೋಗಲಿಲ್ಲ ಎಂದು ಕಾವಲುಗಾರ ಆಮೇಲೆ ಹೇಳಿದ. ವಿಜಯಕುಮಾರಿ ಮತ್ತು ಇಸ್ಮಾಯಿಲ್ ಪೆಟ್ಟಿಗೆಗಳನ್ನು ಮಡಚಿ ಬದಿಗಿಟ್ಟು, ಬಸ್ಸಿಗೆಂದು ಒಂದೂವರೆ ಮೈಲಿ ನಡೆದರು.

ಸೋಮವಾರ ಅವಳ ಕೈಗೆ ಹಳೆಯ ವ್ಯಾನಿನ ಕೀಲಿ ಬಂತು. ಮನೆಯ ಕಾರಿಗೆ ಈರೋಡ್ ಕಡೆಯ ಹೊಸ ಡ್ರೈವರ್ ಬಂದ. ಆ ಸಂಜೆ ಮನೆಯಲ್ಲಿ ದೀನದಯಾಳನ್ ಅವಳ ತಟ್ಟೆಗೆ ಸಾರು ಬಡಿಸುತ್ತ, “ಒಂದು ಮಾತು ಬಗ್ಗಿದ್ರೆ ಏನು ಓಗ್ತಿತ್ತು?” ಎಂದು ಮೆಲ್ಲಗೆ ಕೇಳಿದ.

“ನಾನೇ ಓಗ್ತಿದ್ದೆ,” ಎಂದಳು ಅವಳು.

ಅವನು ಅವಳ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದ.

ವ್ಯಾನಿನ ಹುಡುಗಿಯರು ಅವಳನ್ನು ಮತ್ತೆ ಕಂಡು ಖುಷಿಪಟ್ಟರು. ಅವಳಿಗೂ ಖುಷಿಯಾಗಲಿಲ್ಲವೆಂದಲ್ಲ. ಆದರೂ ಬೆಳ್ಳಿ ಬಣ್ಣದ ಕಾರು ಎದುರು ಬಂದಾಗಲೆಲ್ಲ ಒಳಗೊಂದು ಉರಿ ಏಳುತ್ತಿತ್ತು. ಕಾರು ಹೋಯಿತೆಂದಲ್ಲ. ಆ ಈರೋಡಿನವನು ಪೇಟೆಯ ನಡುವೆಯೂ ಕಾಲು ಮಡಚಿಯೇ ಕೂತಿರುತ್ತಿದ್ದ. ಅವಳು ಎರಡು ಸಲ ಅವನನ್ನು ತಡೆದು ನಿಲ್ಲಿಸಿ ಹೇಳಿದಳು. ಮೊದಲಾಳಿ ಹೇಳಿದಂತೆ ಮಾಡುತ್ತಿದ್ದೇನೆ, ನಿನಗೇನು ಎಂದ. ಮೂರನೆಯ ಸಲವೂ ತಡೆದಳು.

ಮೂರು ವಾರ ಕಳೆದ ಮೇಲೆ ಕಣ್ಣಮ್ಮ ಸಂಬಂಧಿಕರ ಮನೆಗೆಂದು ಬೆಂಗಳೂರಿಗೆ ಹೋಗಿ ಅಂದೇ ವಾಪಸ್ ಹೊರಟರು. ಮಧ್ಯಾಹ್ನದ ಊಟವಾಗಿತ್ತು. ಕೃಷ್ಣಗಿರಿ ದಾಟಿದ ಮೇಲೆ ಕಾರು ಒಂದು ಲಾರಿಯ ಹಿಂದೆ ತೊಟ್ಟಿಲು ತೂಗಿದ ಹಾಗೆ ಮೆತ್ತಗೆ ಹೋಗುತ್ತಿತ್ತು. ಹಿಂದಿನ ಸೀಟಿನಲ್ಲಿದ್ದ ಕಣ್ಣಮ್ಮ ಕನ್ನಡಿ ನೋಡಿದರೆ ಡ್ರೈವರನ ಕಣ್ಣು ಮುಚ್ಚಿತ್ತು. ತೆರೆಯಿತು, ಮತ್ತೆ ಮುಚ್ಚಿತು. ಅವರು ಕೂಗಲಿಲ್ಲ. ಬೆಚ್ಚಿದರೆ ಏನಾದೀತೋ ಎಂದು ಅವನ ಭುಜದ ಮೇಲೆ ಕೈಯಿಟ್ಟು, ತಮ್ಮ ಮಗನನ್ನು ಎಬ್ಬಿಸುವ ದನಿಯಲ್ಲಿ ಎಬ್ಬಿಸಿ, ಬದಿಗೆ ನಿಲ್ಲಿಸಲು ಹೇಳಿದರು. ಅವನು ಕೆಟ್ಟವನೇನಲ್ಲ, ತಲೆ ತಗ್ಗಿಸಿ, ಕೈಕಾಲಿಗೆ ಕೆಲಸವೇ ಇಲ್ಲದೆ ಕೂತರೆ ನಿದ್ದೆ ತಾನಾಗಿ ಬರುತ್ತದಮ್ಮಾ ಎಂದ. ಕಣ್ಣಮ್ಮ ಅವನನ್ನು ಮರದ ಕೆಳಗೆ ಒಂದು ಗಂಟೆ ಮಲಗಿಸಿ, ತಾವು ಕಲ್ಲಿನ ಮೇಲೆ ಕೂತು ಕಾದರು.

ಮನೆಗೆ ಬಂದು ಅವರು ಗಂಡನಿಗೆ ಏನು ಹೇಳಿದರೋ ಯಾರಿಗೂ ಗೊತ್ತಿಲ್ಲ. ಎರಡು ದಿನ ಬಿಟ್ಟು ದೇವರಾಜನ್ ವ್ಯಾನು ನಿಲ್ಲಿಸುವ ಶೆಡ್ಡಿಗೆ ತಾವೇ ನಡೆದು ಬಂದರು. ವಿಜಯಕುಮಾರಿ ಟೈರಿನ ಗಾಳಿ ನೋಡುತ್ತಿದ್ದವಳು ಎದ್ದು ನಿಂತಳು, ಕೈ ಒರೆಸಿಕೊಂಡಳು. ಗುರುವಾರ ಬೆಂಗಳೂರಿಗೆ ಹೋಗಬೇಕು, ವಿಮಾನ ನಿಲ್ದಾಣದಿಂದ ಆ ಡೆನ್ಮಾರ್ಕಿನವರನ್ನು ಕರೆತರಬೇಕು ಎಂದರು. ಅವಳು ‘ಸರೀಂಗ’ ಎನ್ನಲಿಲ್ಲ.

“ಎರಡು ದಿನ ಆಗ್ತದುಂಗ,” ಎಂದಳು. “ಅಲ್ಲಿ ನನಗೆ ಮಲಗೋದಕ್ಕೆ ರೂಮು ಬೇಕು. ಇನ್ನೊಂದು, ವಂಡಿ ಓಡ್ತಿರುವಾಗ ಹಾಕು, ಆರಿಸು ಅಂತ ಹಿಂದಿನ ಸೀಟಿನಿಂದ ಮಾತು ಬರಬಾರದು.”

“ಮೊದಲಾಳಿ ನಾನಾ, ನೀನಾ?”

“ಕಂಪನಿಗೆ ನೀವು. ರಸ್ತೆ ಮೇಲೆ ಸ್ಟೀರಿಂಗ್ ಹಿಡಿದವರುಂಗ.”

ಶೆಡ್ಡಿನಲ್ಲಿದ್ದ ಅಯ್ಯಾಸಾಮಿ ಮೊದಲಾದವರು ತಮಗೇನೂ ಕೇಳಿಸಲಿಲ್ಲವೆಂಬಂತೆ ಬೇರೆ ಕಡೆ ನೋಡಿದರು. ದೇವರಾಜನ್ ಜೇಬಿನಿಂದ ಕೀಲಿ ತೆಗೆದು ವ್ಯಾನಿನ ಬಾನೆಟ್ಟಿನ ಮೇಲಿಟ್ಟರು. ಎರಡು ದಿನಕ್ಕಾಗುವಷ್ಟು ಬಟ್ಟೆ ತಗೊ ಎಂದು ಹೇಳಿ ಹೊರಟುಹೋದರು. ಆ ಈರೋಡಿನವನನ್ನು ಕೆಲಸದಿಂದ ತೆಗೆಯಬಾರದು ಎಂದು ಅವಳು ಹಿಂದಿನಿಂದ ಕೂಗಿ ಹೇಳಿದಳು, ತಾನು ಕಲಿಸುತ್ತೇನೆಂದಳು. ಕಲಿಸಿದಳು ಕೂಡ. ಅವನ ಪಾಠ ಅದೇ ವಾರ, ಬೆಳ್ಳಿ ಹಾಳೆ ಮೆತ್ತಿದ ಪೆಟ್ಟಿಗೆಗಳ ಎದುರೇ ಶುರುವಾಯಿತು.

ಗುರುವಾರ ಬೆಳಗ್ಗೆ ಹೊರಟಾಗ ದೇವರಾಜನ್ ಹಿಂದಿನ ಸೀಟಿನಲ್ಲಿ ಪತ್ರಿಕೆ ಓದುತ್ತಿದ್ದರು. ಭವಾನಿ ದಾಟಿತು. ಸೇಲಂ ದಾಟಿತು. ತೊಪ್ಪೂರು ಘಾಟಿಯ ತಿರುವುಗಳು ಹತ್ತಿರ ಬಂದಾಗ ಪತ್ರಿಕೆ ಮಡಚಿ, “ಈಗ ಅದನ್ನ ಹಾಕಬಹುದಾ?” ಎಂದು ಕೇಳಿದರು. ಆಜ್ಞೆಯಲ್ಲ, ಪ್ರಶ್ನೆ.

“ಘಾಟಿ ದಾಟೋ ತನಕ ಇಲ್ಲಂಗ. ತಿರುವಿನಲ್ಲಿ ಮುಂದಿನ ಲಾರಿ ಇದಕ್ಕೆ ಸಿಗಲ್ಲ.”

ಘಾಟಿ ದಾಟಿತು. ಧರ್ಮಪುರಿಯ ಆಚೆ ರಸ್ತೆ ನೆಟ್ಟಗಾಯಿತು, ಬಿಸಿಲು ಬಿದ್ದಿತ್ತು, ಮುಂದೆ ದೂರದಲ್ಲಿ ಒಂದು ಬಸ್ಸು ಮಾತ್ರ. ಅವಳು ಯಾರನ್ನೂ ಕೇಳದೆ ಹಿಡಿ ಎತ್ತಿದಳು. ಕಾರು ಬಸ್ಸಿನ ಹಿಂದೆ ಅಂತರ ಕಾಯ್ದು ನಡೆಯಿತು. ದೇವರಾಜನ್ ಮುಂದಕ್ಕೆ ಬಾಗಿ, ಸೀಟುಗಳ ನಡುವಿನಿಂದ ಅವಳ ಕಾಲಿನ ಕಡೆ ನೋಡಿದರು. ಅದು ಬ್ರೇಕಿನ ಮೇಲೆಯೇ ಇತ್ತು. ಅವರು ಹಿಂದಕ್ಕೆ ಒರಗಿದರು.

ಅರ್ಧ ಗಂಟೆಯ ಮೇಲೆ ರಸ್ತೆ ಬದಿಯ ಟೀ ಅಂಗಡಿಯೊಂದರ ಎದುರು ಅವಳು ಕಾರು ನಿಲ್ಲಿಸಿ ಇಳಿದಳು. ದೇವರಾಜನ್ ಗಡಿಯಾರ ನೋಡಿಕೊಂಡು, ವಿಮಾನ ಬರುವ ಹೊತ್ತಿಗೆ ತಲುಪಬೇಕಲ್ಲ ಎಂದರು. ಕಣ್ಣು ಭಾರವಾಗುತ್ತಿದೆ, ಹದಿನೈದು ನಿಮಿಷ ಎಂದಳು ಅವಳು. ಬಂದವರು ಕಾಯಬೇಕಾದೀತಲ್ಲ ಎಂದರು.

“ಕಾಯಲಿಂಗ,” ಎಂದು ಅವಳು ಬೆಂಚಿನ ಮೇಲೆ ಕೂತು, ಸಕ್ಕರೆ ಜಾಸ್ತಿ ಹಾಕಿದ ಟೀ ಹೇಳಿದಳು. ದೇವರಾಜನ್ ಕಾರಿನ ಬಳಿ ಸ್ವಲ್ಪ ಹೊತ್ತು ನಿಂತಿದ್ದರು. ಆಮೇಲೆ ಅವರೂ ಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತು, ತಮಗೂ ಒಂದು ಎಂದರು.